ಕಂಬನಿಯ ಕಾವಲು

ಇಂದ್ರಿಯಗಳಲ್ಲೆಲ್ಲ ನಯನವೇ ಪ್ರಧಾನವೆಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ಆ ನಯನಕ್ಕೆ ವಾರ್ಧಕ್ಯದಲ್ಲಿ ಪೊರೆ ಬರುವುದೂ, ವೈದ್ಯರು ಶಸ್ತ್ರಕ್ರಿಯೆಯಿಂದ ಅದನ್ನು ತೆಗೆದು ಕೃತಕ ಮಸೂರವೊಂದನ್ನು ಒಳಗಿರಿಸಿ ಕಳುಹಿಸುವುದೂ ಈಗ ಮನೆಮನೆಯ ವರ್ತಮಾನವಾಗಿದೆ. ಬೆಳಗ್ಗೆ ಆಸ್ಪತ್ರೆಗೆ ಹೋದ ಅಜ್ಜಿ ಸಂಜೆ ದೀಪ ಹಚ್ಚುವ ವೇಳೆಗೆ ಮನೆಗೆ ಹಿಂತಿರುಗಿರುವಳು. ಕಣ್ಣಿನ ಪಟ್ಟಿಯನ್ನು ತೆಗೆದ ಮೇಲೆ ಗೋಡೆಯ ಪಂಚಾಂಗದ ಅಕ್ಷರಗಳೂ ಮೊಮ್ಮಗಳ ಲಂಗದ ಬಣ್ಣವೂ ನಿಚ್ಚಳವಾಗಿ ಕಾಣುವುವು, ಮನೆಯವರೆಲ್ಲರೂ ಹಿಗ್ಗುವರು. ಆದರೆ ಒಂದು ವಾರ ಕಳೆಯುವುದರೊಳಗಾಗಿ ಅದೇ ಅಜ್ಜಿಯು, "ಕಣ್ಣಿನಲ್ಲಿ ಮರಳು ಬಿದ್ದ ಹಾಗಿದೆಯಮ್ಮ, ಉರಿಯುತ್ತದೆ, ಸುಮ್ಮಸುಮ್ಮನೆ ನೀರು ಸುರಿಯುತ್ತದೆ" ಎಂದು ಸೊಸೆಯೊಡನೆ ಹೇಳಲಾರಂಭಿಸುವಳು. ಆಗ ಮನೆಯಲ್ಲಿ ಒಬ್ಬರು, ಶಸ್ತ್ರಕ್ರಿಯೆಯೇ ಕೆಟ್ಟುಹೋಯಿತೆಂದು ಗಾಬರಿಪಡುವರು. ಮತ್ತೊಬ್ಬರು, ಮುದುಕರ ಗೊಣಗಾಟ ಇದ್ದದ್ದೇ ಎಂದು ಅಲಕ್ಷಿಸುವರು.

ಈ ಎರಡು ಎಣಿಕೆಗಳೂ ಸರಿಯಾದುವಲ್ಲ. ಶಸ್ತ್ರಕ್ರಿಯೆಯಾದ ಕಣ್ಣಿನಲ್ಲಿ ಗಾಯವಾಗಿರುವುದು ಎಲ್ಲರಿಗೂ ಗೊತ್ತು. ಅದಕ್ಕೆ ಕಪ್ಪು ಕನ್ನಡಕವನ್ನು ಹಾಕಿ ಜೋಪಾನ ಮಾಡುವರು. ಆದರೆ ಆ ಗಾಯದ ಜೊತೆಯಲ್ಲಿಯೇ, ಕಣ್ಣನ್ನು ಹಗಲಿರುಳೂ ಕಾಯತಕ್ಕ ಕಂಬನಿಯ ಶಕ್ತಿಯೂ ಕೆಲವು ಕಾಲ ಕುಂದಿರುವುದೆಂಬುದನ್ನು ಬಲ್ಲವರು ಕಡಿಮೆ. ಅಜ್ಜಿಯ ಮರಳಿನ ದೂರು ಬಹುಮಟ್ಟಿಗೆ ಇದರ ಫಲ. ಈ ತಿಂಗಳು ನಾವು ಆ ಕಂಬನಿಯ ವಿಷಯವಾಗಿಯೇ ನಮ್ಮ ವಾಚಕ ಬಂಧುಗಳೊಡನೆ, ಮುಖ್ಯವಾಗಿ ಮನೆಯಲ್ಲಿ ಹಿರಿಯರ ಶುಶ್ರೂಷೆಯ ಭಾರವನ್ನು ಹೊತ್ತಿರುವ ಗೃಹಿಣಿಯರೊಡನೆ, ನಾಲ್ಕು ಮಾತುಗಳನ್ನಾಡಬೇಕೆಂದಿರುವೆವು.

ಕಂಬನಿಯೆಂದೊಡನೆ ನಮಗೆ ದುಃಖವೇ ನೆನಪಿಗೆ ಬರುವುದು. ಕಾವ್ಯಗಳನ್ನೋದಿದವರಿಗಂತೂ ಅಶ್ರು, ಬಾಷ್ಪ ಎಂಬ ಶಬ್ದಗಳು ವಿರಹದ ಸಂಗಡವೇ ಹುಟ್ಟಿದುವೋ ಎಂದು ತೋರುವುದು. ವಾಸ್ತವವಾಗಿ, ಅಳುವಾಗ ಸುರಿಯುವ ನೀರು ಕಂಬನಿಯ ಬಾಳಿನಲ್ಲಿ ಅಲ್ಪಭಾಗ. ನಾವು ನಗುತ್ತಿರುವಾಗಲೂ ಓದುತ್ತಿರುವಾಗಲೂ ಕಣ್ಣಿನ ಮೇಲೆ ಒಂದು ತೆಳುವಾದ ನೀರಿನ ಪೊರೆ ಹರಡಿಕೊಂಡೇ ಇರುವುದು. ಅದರ ದಪ್ಪವೆಷ್ಟು? ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅಂತಹ ಮೂರು ನಾಲ್ಕು ಪಾಲು ಮಾತ್ರ. ಒಂದು ಕಣ್ಣಿನಲ್ಲಿ ಸಾಮಾನ್ಯವಾಗಿ ನಿಂತಿರುವ ನೀರೆಲ್ಲವನ್ನೂ ಕೂಡಿಸಿದರೂ, ಒಂದು ಮಿಲಿಲೀಟರಿನ ಸಾವಿರ ಪಾಲಿನಲ್ಲಿ ಏಳೆಂಟು ಪಾಲು. ಎಂದರೆ ಔಷಧದ ಸೀಸೆಯಿಂದ ಬೀಳುವ ಒಂದು ತೊಟ್ಟಿನ ಕಾಲುಭಾಗಕ್ಕಿಂತಲೂ ಕಡಿಮೆ.

ಇಷ್ಟು ತೆಳುವಾದ ಈ ಪೊರೆಯಲ್ಲಿಯೂ ಮೂರು ಬಗೆಯ ದ್ರವ್ಯಗಳು ಸೇರಿರುವುವು. ಅತ್ಯಂತ ಮೇಲೆ ಎಣ್ಣೆಯ ಲೇಪ. ರೆಪ್ಪೆಗಳ ಅಂಚಿನಲ್ಲಿ ಸಾಲಾಗಿರುವ ಸಣ್ಣ ಗ್ರಂಥಿಗಳು ಇದನ್ನು ಒಸರಿಸುವುವು. ಕೆಳಗಿನ ನೀರು ಬೇಗನೆ ಆರಿಹೋಗದಂತೆ ಇದು ತಡೆಯುವುದು. ನಡುವೆ ನೀರಿನ ಭಾಗ. ಇದು ಮುಖ್ಯವಾಗಿ ಕಣ್ಣುಗೂಡಿನ ಮೇಲ್ಭಾಗದ ಹೊರಮೂಲೆಯಲ್ಲಿರುವ ಅಶ್ರುಗ್ರಂಥಿಯಿಂದ ಬರುವುದು. ತಳದಲ್ಲಿ ಲೋಳೆಯಂತಹ ಒಂದು ವಸ್ತು. ಬಿಳಿಗುಡ್ಡೆಯನ್ನು ಹೊದೆದಿರುವ ತೆಳುಚರ್ಮದಲ್ಲಿನ ಕೆಲವು ಜೀವಕೋಶಗಳು ಇದನ್ನು ಉತ್ಪತ್ತಿ ಮಾಡುವುವು. ಈ ಲೋಳೆಯಿಲ್ಲದಿದ್ದರೆ, ಕೆಸುವಿನ ಎಲೆಯ ಮೇಲೆ ನೀರು ನಿಲ್ಲದಂತೆ ಕಣ್ಣಿನ ಮೇಲೆಯೂ ಕಂಬನಿಯು ನಿಲ್ಲಲಾರದು. ನಿಮಿಷಕ್ಕೆ ಸುಮಾರು ೧೫ ಸಲ ನಾವು ರೆಪ್ಪೆ ಬಡಿಯುವಾಗಲೆಲ್ಲ ಈ ಮೂರೂ ಹೊಸದಾಗಿ ಸವರಲ್ಪಡುವುವು. ಧೂಳೂ ಕಸವೂ ಮೂಗಿನ ಕಡೆಯ ಮೂಲೆಯಲ್ಲಿರುವ ಸಣ್ಣ ಕಾಲುವೆಗಳ ಮೂಲಕ ಕೊಚ್ಚಿಹೋಗುವುವು. ಅತ್ತಾಗ ಮೂಗಿನಲ್ಲಿಯೂ ನೀರು ಬರುವುದೇಕೆಂಬುದನ್ನು ಮಕ್ಕಳು ಕೇಳಿದರೆ, ಈ ಕಾಲುವೆಗಳನ್ನೇ ಉತ್ತರವಾಗಿ ಹೇಳಬಹುದು.

ತೊಳೆಯುವುದೊಂದೇ ಕಂಬನಿಯ ಕೆಲಸವಾಗಿದ್ದರೆ ಶುದ್ಧವಾದ ನೀರೇ ಸಾಕಾಗಿತ್ತು. ಅದರಲ್ಲಿ ರೋಗಾಣುಗಳನ್ನು ಕೊಲ್ಲುವ ಶಕ್ತಿಯೂ ಇದೆಯೆಂಬುದನ್ನು ಲೋಕಕ್ಕೆ ತೋರಿಸಿಕೊಟ್ಟವರು ಅಲೆಗ್ಸಾಂಡರ್ ಫ್ಲೆಮಿಂಗ್ ಎಂಬ ವೈದ್ಯವಿಜ್ಞಾನಿ. ೧೯೨೮ರಲ್ಲಿ ಪೆನಿಸಿಲಿನ್ನನ್ನು ಕಂಡುಹಿಡಿದು ಪ್ರಖ್ಯಾತರಾದವರು ಇವರೇ. ಅದಕ್ಕೆ ಏಳು ವರ್ಷ ಮೊದಲು, ೧೯೨೧ರಲ್ಲಿ, ಲಂಡನ್ ನಗರದ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದಾಗ ಅವರಿಗೆ ನೆಗಡಿಯಾಗಿತ್ತು. ತಮ್ಮ ಮೂಗಿನ ಸಿಂಬಳವನ್ನೇ ಅವರು ಪರೀಕ್ಷೆಗೆ ಒಡ್ಡಿದಾಗ, ಅದರ ಬಳಿಯಲ್ಲಿದ್ದ ಒಂದು ಜಾತಿಯ ಸೂಕ್ಷ್ಮಜೀವಿಗಳು ಕರಗಿಹೋಗುವುದನ್ನು ಕಂಡರು. ಆ ಗುಣವು ಕಂಬನಿಯಲ್ಲಿಯೂ ವಿಶೇಷವಾಗಿ ಇರುವುದೆಂದು ಗೊತ್ತಾದ ಮೇಲೆ, ಪರೀಕ್ಷೆಗೆ ಕಂಬನಿಯು ಬೇಕಾಯಿತು. ಪ್ರಯೋಗಶಾಲೆಯಲ್ಲಿದ್ದವರ ಕಣ್ಣಿಗೆ ನಿಂಬೆಹಣ್ಣಿನ ಸಿಪ್ಪೆಯ ರಸವನ್ನು ಹಿಂಡಿ ಅವರು ಅದನ್ನು ಸಂಗ್ರಹಿಸಿದರು! ೧೯೨೨ರಲ್ಲಿ ಈ ಸಂಗತಿಯನ್ನು ಪ್ರಕಟಿಸಿ, ಆ ವಸ್ತುವಿಗೆ ಲೈಸೋಜೈಮ್ ಎಂದು ಹೆಸರಿಟ್ಟರು. ಅದೊಂದು ಕಿಣ್ವ, ಕೆಲವು ಜಾತಿಯ ಬ್ಯಾಕ್ಟೀರಿಯಗಳ ಹೊರಗೋಡೆಯನ್ನು ಅದು ಕತ್ತರಿಸುವುದು, ಗೋಡೆ ಕುಸಿದೊಡನೆ ಆ ಜೀವಿಯು ಒಡೆದು ಸಾಯುವುದು.

ಲೈಸೋಜೈಮಿಗೆ ಸಹಾಯಕರೂ ಉಂಟು. ಲ್ಯಾಕ್ಟೋಫೆರಿನ್ ಎಂಬ ಮತ್ತೊಂದು ಪ್ರೋಟೀನು ಕಂಬನಿಯಲ್ಲಿನ ಕಬ್ಬಿಣದ ಅಂಶವನ್ನು ತಾನೇ ಹಿಡಿದಿಟ್ಟುಕೊಳ್ಳುವುದು. ಕಬ್ಬಿಣವಿಲ್ಲದೆ ಬಹುಪಾಲು ರೋಗಾಣುಗಳು ಬೆಳೆಯಲಾರವು. ಶತ್ರುವಿಗೆ ಅನ್ನ ನೀರು ಸಿಕ್ಕದಂತೆ ಮಾಡಿ ಗೆಲ್ಲುವ ಯುದ್ಧನೀತಿಯಿದು. ಇಮ್ಯುನೋಗ್ಲಾಬುಲಿನ್ ಎ ಎಂಬ ಪ್ರತಿಕಾಯವು ರೋಗಾಣುಗಳಿಗೆ ಮೆತ್ತಿಕೊಂಡು, ಅವು ಕಣ್ಣಿನ ಮೈಗೆ ಅಂಟದಂತೆ ಮಾಡುವುದು. ರಾತ್ರಿಯಲ್ಲಿ ನಾವು ಕಣ್ಣು ಮುಚ್ಚಿ ಮಲಗಿರುವಾಗ ರೆಪ್ಪೆಯ ಬಡಿತವಿಲ್ಲ, ನೀರಿನ ಹರಿವೂ ಬಹಳ ಕಡಿಮೆ. ಆ ಹೊತ್ತಿನಲ್ಲಿ ಈ ಪ್ರತಿಕಾಯದ ಪ್ರಮಾಣವು ಹಗಲಿಗಿಂತ ಹೆಚ್ಚುವುದು, ರಕ್ತದ ಬಿಳಿಯ ಕಣಗಳೂ ಬಂದು ಸೇರುವುವು. ಊರು ಮಲಗಿದ ಮೇಲೆ ತಳವಾರರ ಸಂಖ್ಯೆಯನ್ನು ಹೆಚ್ಚಿಸುವಂತಹ ಏರ್ಪಾಡು.

ಇಷ್ಟೆಲ್ಲ ಕಾವಲು ಏತಕ್ಕೆಂದರೆ, ಕಣ್ಣಿನ ಹೊರಮೈಯೂ ರೆಪ್ಪೆಯ ಅಂಚೂ ಎಂದಿಗೂ ಸೂಕ್ಷ್ಮಜೀವಿಗಳಿಂದ ಪೂರ್ತಿಯಾಗಿ ಬರಿದಾಗಿರುವುದಿಲ್ಲ. ಎಷ್ಟು ಮಡಿಯಿಂದಿರುವವರ ರೆಪ್ಪೆಯಲ್ಲಿಯೂ ಅವು ವಾಸವಾಗಿರುವುವು. ಕಂಬನಿಯು ಅವುಗಳನ್ನು ಅಂಕೆಯಲ್ಲಿಟ್ಟಿರುವವರೆಗೂ, ಕಣ್ಣಿನ ಮೈಯಲ್ಲಿ ಬಿರುಕಿಲ್ಲದಿರುವವರೆಗೂ ಅವುಗಳಿಂದ ಬಾಧಕವಿಲ್ಲ. ಶಸ್ತ್ರಕ್ರಿಯೆಯಲ್ಲಿಯಾದರೋ ಕಣ್ಣಿನ ಗೋಡೆಯಲ್ಲಿಯೇ ಒಂದು ದ್ವಾರವನ್ನು ತೆರೆಯಬೇಕಾಗುವುದು. ಶಸ್ತ್ರಕ್ರಿಯೆಯ ಅನಂತರ ಕಣ್ಣಿನ ಒಳಗೆ ಸೋಂಕು ತಗಲಿದ ಪ್ರಸಂಗಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು, ಆ ರೋಗಾಣುಗಳು ಬಹುಮಟ್ಟಿಗೆ ರೋಗಿಯ ಸ್ವಂತ ರೆಪ್ಪೆಯಿಂದಲೇ ಒಳಹೊಕ್ಕವೆಂದು ಕಂಡುಕೊಂಡಿರುವರು. ಆದುದರಿಂದಲೇ ವೈದ್ಯರು ಕತ್ತಿಯನ್ನು ಕೈಗೆ ತೆಗೆದುಕೊಳ್ಳುವ ಮೊದಲು ಅಯೊಡಿನ್ ಸೇರಿದ ಕಂದುಬಣ್ಣದ ಔಷಧದಿಂದ ಕಣ್ಣನ್ನೂ ರೆಪ್ಪೆಯನ್ನೂ ತೊಳೆಯುವುದು. ಇಂತಹ ಎಚ್ಚರಿಕೆಗಳಿಂದ ಈ ಸೋಂಕು ಈಗ ಬಲು ಅಪರೂಪವಾಗಿದೆ. ಆದರೆ ಬಂದರೆ ದೃಷ್ಟಿಯನ್ನೇ ಕೊಂಡೊಯ್ಯಬಲ್ಲುದು.

ಇನ್ನು, ಈ ಕಾವಲನ್ನು ನಡೆಯಿಸುವವರಾರು ಎಂಬುದನ್ನು ನೋಡೋಣ. ಕರಿಗುಡ್ಡೆಯ ಮುಂದೆ ಗಡಿಯಾರದ ಗಾಜಿನಂತೆ ಸ್ವಚ್ಛವಾಗಿರುವ ಪಟಲಕ್ಕೆ ವೈದ್ಯರು ಕಾರ್ನಿಯಾ ಎನ್ನುವರು. ಅದರಲ್ಲಿ ರಕ್ತನಾಳಗಳಿಲ್ಲ, ಆದರೆ ಜ್ಞಾನತಂತುಗಳು ದಟ್ಟವಾಗಿ ಹೆಣೆದುಕೊಂಡಿರುವುವು. ಶರೀರದ ಹೊರಮೈಯಲ್ಲಿ ಅಷ್ಟು ದಟ್ಟವಾಗಿ ಅವು ಇರುವ ಸ್ಥಳ ಇನ್ನೊಂದಿಲ್ಲ. ಕಣ್ಣಿಗೆ ಒಂದು ಕೂದಲೆಳೆ ತಗಲಿದರೂ ನಾವು ತಡೆಯಲಾರದೆ ಹೋಗುವುದು ಈ ಕಾರಣದಿಂದಲೇ. ಈ ತಂತುಗಳು ಕಾರ್ನಿಯಾದ ಅಂಚಿನಿಂದ ನಡುವಿಗೆ ಚಕ್ರದ ಅರಗಳಂತೆ ಹರಿದುಬರುವುವು. ಕಣ್ಣಿನ ಮೈ ಸ್ವಲ್ಪ ಒಣಗಿದರೆ, ಸ್ವಲ್ಪ ತಣ್ಣಗಾದರೆ, ಅವು ಆ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವುವು; ಮಿದುಳು ಅಶ್ರುಗ್ರಂಥಿಗೆ ನೀರನ್ನು ಬಿಡೆಂದೂ ರೆಪ್ಪೆಗೆ ಬಡಿಯೆಂದೂ ಆಜ್ಞಾಪಿಸುವುದು. ಅಷ್ಟೇ ಅಲ್ಲದೆ, ಕಾರ್ನಿಯಾದ ಮೇಲ್ಪದರವು ಸವೆದಂತೆಲ್ಲ ಹೊಸದಾಗಿ ಬೆಳೆಯುವುದಕ್ಕೆ ಬೇಕಾದ ಪೋಷಕ ವಸ್ತುಗಳನ್ನೂ ಈ ತಂತುಗಳು ಒದಗಿಸುವುವು.

ಈಗ ಶಸ್ತ್ರಕ್ರಿಯೆಯ ಮಾತಿಗೆ ಬರೋಣ. ಪೊರೆಯ ಚಿಕಿತ್ಸೆಯು ನಮ್ಮ ದೇಶಕ್ಕೆ ಹೊಸದಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಲಿಂಗನಾಶವೆಂಬ ಹೆಸರಿನಿಂದ ಇದರ ವರ್ಣನೆಯಿದೆ; ಶಲಾಕೆಯಿಂದ ಚುಚ್ಚಿ ದೃಷ್ಟಿಯ ದಾರಿಗೆ ಅಡ್ಡವಾದುದನ್ನು ಸರಿಸುವ ಕ್ರಮವನ್ನು ಅಲ್ಲಿ ವಿವರಿಸಿದೆ. ಪೊರೆಗಟ್ಟಿದ ಮಸೂರವನ್ನೇ ಹೊರತೆಗೆಯುವ ವಿಧಾನವನ್ನು ೧೭೪೭ರಲ್ಲಿ ಫ್ರಾನ್ಸಿನ ಜಾಕ್ ದಾವಿಯೆಲ್ ನಡೆಯಿಸಿ ತೋರಿಸಿದರು. ೧೯೪೯ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲೆ ಮೊತ್ತಮೊದಲು ಕೃತಕ ಮಸೂರವನ್ನು ಕಣ್ಣಿನೊಳಗಿರಿಸಿದರು. ೧೯೬೭ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್, ಕಿವಿಗೆ ಕೇಳಿಸದ ಶಬ್ದತರಂಗಗಳಿಂದ ಪೊರೆಯನ್ನು ಪುಡಿಮಾಡಿ ಸಣ್ಣ ರಂಧ್ರದ ಮೂಲಕ ಹೀರಿತೆಗೆಯುವ ಉಪಾಯವನ್ನು ಬಳಕೆಗೆ ತಂದರು. ನಮ್ಮ ಕನ್ನಡನಾಡಿನಲ್ಲಿ, ೨೦೦೫ರಲ್ಲಿ ದಿವಂಗತರಾದ ಡಾಕ್ಟರ್ ಎಂ. ಸಿ. ಮೋದಿಯವರು ಊರೂರಿನಲ್ಲಿ ಶಿಬಿರಗಳನ್ನು ನಡೆಯಿಸಿ ಅಸಂಖ್ಯಾತ ಬಡವರಿಗೆ ದೃಷ್ಟಿದಾನ ಮಾಡಿದುದನ್ನು ಹಿರಿಯ ತಲೆಮಾರಿನವರು ಮರೆತಿರಲಾರರು. ಹಿಂದೆ ಪೊರೆ ತೆಗೆಯಲು ಕಣ್ಣಿನಲ್ಲಿ ೧೦-೧೨ ಮಿಲಿಮೀಟರುಗಳಷ್ಟು ಉದ್ದವಾಗಿ ಕೊಯ್ಯಬೇಕಾಗಿತ್ತು. ಈಗ ಕೆಲ್ಮನ್ನರ ವಿಧಾನದಲ್ಲಿ ೩ ಮಿಲಿಮೀಟರಿಗಿಂತ ಸಣ್ಣ ಗಾಯವೇ ಸಾಕು.

ಗಾಯವು ಸಣ್ಣದಾದರೂ ಅದು ಕಾರ್ನಿಯಾದ ಅಂಚಿನಲ್ಲಿ ಆಗುವುದರಿಂದ, ಆ ದಿಕ್ಕಿನಿಂದ ನಡುವಿಗೆ ಬರುವ ತಂತುಗಳು ತುಂಡಾಗುವುವು. ಆ ಭಾಗದಲ್ಲಿ ಸ್ಪರ್ಶಜ್ಞಾನವು ಮಂದವಾಗುವುದು. ಸುದ್ದಿಯೇ ಮುಟ್ಟದಿದ್ದ ಮೇಲೆ ಆಜ್ಞೆಯೆಲ್ಲಿಂದ ಬರಬೇಕು? ರೆಪ್ಪೆಯ ಬಡಿತ ಕಡಿಮೆಯಾಗುವುದು, ನೀರಿನ ಒಸರು ತಗ್ಗುವುದು. ಇದರ ಜೊತೆಗೆ ಬೇರೆ ಕಾರಣಗಳೂ ಸೇರುವುವು. ಸೋಂಕನ್ನು ತಡೆಯಲು ಅತ್ಯಗತ್ಯವಾದ ಅಯೊಡಿನ್ನೂ, ನೋವು ತಿಳಿಯದಂತೆ ಹಾಕುವ ಔಷಧವೂ, ಸೂಕ್ಷ್ಮದರ್ಶಕದ ಪ್ರಖರವಾದ ಬೆಳಕೂ, ರೆಪ್ಪೆ ಮುಚ್ಚದಂತೆ ಹಿಡಿದಿಡುವುದೂ ಕಣ್ಣಿನ ಮೇಲ್ಮೈಯನ್ನು ಸ್ವಲ್ಪ ಮಟ್ಟಿಗೆ ಬಳಲಿಸುವುವು. ಲೋಳೆಯನ್ನು ಉತ್ಪತ್ತಿ ಮಾಡುವ ಕೋಶಗಳ ಸಂಖ್ಯೆ ಕುಗ್ಗುವುದು. ಮುಂದಿನ ವಾರಗಳಲ್ಲಿ ಹಾಕಿಕೊಳ್ಳುವ ಔಷಧಗಳು ಕೆಡದಂತೆ ಅನೇಕ ಸೀಸೆಗಳಿಗೆ ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ರಕ್ಷಕ ದ್ರವ್ಯವನ್ನು ಬೆರೆಸಿರುವರು. ಇದರ ಸ್ವಭಾವ ಸಾಬೂನಿನಂತೆ, ಕಂಬನಿಯ ಎಣ್ಣೆಯ ಲೇಪವನ್ನು ಇದು ಕದಡುವುದು. ಎಣ್ಣೆ ಚದರಿದರೆ ನೀರು ಬೇಗ ಆರುವುದು. ನೀರು ಆರಿದರೆ ಉಳಿದುದರಲ್ಲಿ ಉಪ್ಪಿನ ಅಂಶ ಹೆಚ್ಚುವುದು. ಉಪ್ಪು ಹೆಚ್ಚಿದರೆ ಉರಿಯೂತ. ಒಣಗಿದ ಕಣ್ಣುಗಳ ಕಂಬನಿಯಲ್ಲಿ ಲೈಸೋಜೈಮ್, ಲ್ಯಾಕ್ಟೋಫೆರಿನ್‌ಗಳ ಪ್ರಮಾಣವೂ ತಗ್ಗಿರುವುದನ್ನು ವೈದ್ಯರು ಕಂಡಿರುವರು. ಹೀಗೆ, ಗೋಡೆಯಲ್ಲಿ ಹೊಸ ಬಾಗಿಲೊಂದು ಆಗಿರುವ ಹೊತ್ತಿನಲ್ಲಿಯೇ ಕಾವಲುಗಾರನೂ ಬಳಲಿರುವನು.

ಇದನ್ನು ಓದಿ ಯಾರೂ ಶಸ್ತ್ರಕ್ರಿಯೆಗೆ ಹೆದರಬೇಕಾದುದಿಲ್ಲ. ಈ ಬಳಲಿಕೆಯು ತಾತ್ಕಾಲಿಕವಾದುದು. ಮೊದಲ ವಾರದಿಂದ ಒಂದು ತಿಂಗಳವರೆಗೆ ತೊಂದರೆ ಹೆಚ್ಚಾಗಿದ್ದು, ಬಳಿಕ ಮೆಲ್ಲನೆ ಇಳಿಯುತ್ತ, ಸುಮಾರು ಮೂರು ತಿಂಗಳ ಹೊತ್ತಿಗೆ ಬಹುಮಂದಿಗೆ ಕಣ್ಣು ತನ್ನ ಸ್ಥಿತಿಗೆ ಬರುವುದು. ತುಂಡಾದ ತಂತುಗಳು ಹೊಸದಾಗಿ ಚಿಗುರುವುವು. ಗಾಯವು ದೊಡ್ಡದಾಗಿದ್ದರೆ ಕಾಲವೂ ಹೆಚ್ಚು ಬೇಕಾಗುವುದು. ಕನ್ನಡಕವನ್ನು ಬಿಡಬೇಕೆಂದು ತರುಣ ತರುಣಿಯರು ಮಾಡಿಸಿಕೊಳ್ಳುವ ಲೇಸಿಕ್ ಎಂಬ ಚಿಕಿತ್ಸೆಯಲ್ಲಿಯಾದರೋ, ಕಾರ್ನಿಯಾದ ಮೇಲ್ಪದರವನ್ನು ಪುಸ್ತಕದ ಹಾಳೆಯಂತೆ ಕೊಯ್ದು ಎತ್ತುವುದರಿಂದ ತುಂಡಾಗುವ ತಂತುಗಳು ಹೆಚ್ಚು. ಅವರಿಗೆ ಕಣ್ಣಿನ ಒಣಗುವಿಕೆಯು ಆರು ತಿಂಗಳು, ಒಂದು ವರ್ಷ, ಕೆಲವರಿಗೆ ಇನ್ನೂ ಹೆಚ್ಚು ಕಾಲ ಇರುವುದುಂಟು.

ಇಲ್ಲಿ ವಾಚಕರು ಒಂದು ಪ್ರಶ್ನೆಯನ್ನು ಕೇಳಬಹುದು: "ಕಣ್ಣು ಒಣಗಿರುವುದಾದರೆ ಅಜ್ಜಿಯ ಕಣ್ಣಿನಿಂದ ನೀರು ಸುರಿಯುವುದೇತಕ್ಕೆ?" ಪ್ರಶ್ನೆ ನ್ಯಾಯವಾದುದೇ. ಕಂಬನಿಯ ಪೊರೆಯು ಅಲ್ಲಲ್ಲಿ ಹರಿದು ಕಣ್ಣಿನ ಮೈ ಬಯಲಾದಾಗ, ಉಳಿದಿರುವ ತಂತುಗಳು ಉರಿಯನ್ನು ತಾಳಲಾರದೆ ಒಮ್ಮೆಗೇ ಕೂಗಿಕೊಳ್ಳುವುವು. ಗ್ರಂಥಿಯು ಒಮ್ಮೆಲೆ ನೀರನ್ನು ಸುರಿಸುವುದು. ಇದು ಈರುಳ್ಳಿ ಹೆಚ್ಚುವಾಗ ಬರುವ ನೀರಿನ ಜಾತಿಯದು. ಎಣ್ಣೆಯ ಲೇಪವೂ ಲೋಳೆಯ ಆಧಾರವೂ ಸರಿಯಾಗಿಲ್ಲದಿರುವುದರಿಂದ ಅದು ಕಣ್ಣಿನ ಮೇಲೆ ನಿಲ್ಲದೆ ಕೆನ್ನೆಗಿಳಿಯುವುದು. ಹೀಗೆ ರಭಸದಿಂದ ಬರುವ ನೀರಿನಲ್ಲಿ ಇಮ್ಯುನೋಗ್ಲಾಬುಲಿನ್ ಎ ಕೂಡ ತೆಳುವಾಗಿರುವುದು. ಬಿರುಮಳೆಯ ನೀರು ಹೊಲವನ್ನು ನೆನೆಸದೆ ಕೊಚ್ಚಿಕೊಂಡುಹೋಗುವುದನ್ನು ಕಂಡ ರೈತನಿಗೆ ಈ ಮಾತನ್ನು ವಿವರಿಸಬೇಕಾದುದಿಲ್ಲ.

ಎಲ್ಲರಿಗೂ ಈ ತೊಂದರೆ ಒಂದೇ ಪ್ರಮಾಣದಲ್ಲಿ ಬರಲಾರದು. ಮಧುಮೇಹವಿರುವವರಿಗೂ, ಋತುಚಕ್ರ ನಿಂತ ಬಳಿಕ ಹೆಂಗಸರಿಗೂ, ಸಂಧಿವಾತದ ಕೆಲವು ಬಗೆಗಳಿಂದ ನರಳುವವರಿಗೂ, ಗ್ಲಾಕೋಮಾದ ಔಷಧವನ್ನು ಬಹುಕಾಲದಿಂದ ಹಾಕುತ್ತಿರುವವರಿಗೂ, ರೆಪ್ಪೆಯ ಅಂಚಿನಲ್ಲಿ ಹೊಟ್ಟು ಕಟ್ಟುವವರಿಗೂ ಹೆಚ್ಚು. ಶಸ್ತ್ರಕ್ರಿಯೆಗೆ ಮೊದಲೇ ಕಣ್ಣು ಒಣಗುತ್ತಿದ್ದವರಿಗೆ ಇನ್ನೂ ಹೆಚ್ಚು. ಆದುದರಿಂದ ಪರೀಕ್ಷೆಯ ದಿನವೇ ಈ ಸಂಗತಿಗಳನ್ನು ವೈದ್ಯರಿಗೆ ಬಿಚ್ಚಿ ಹೇಳತಕ್ಕದ್ದು. ಇದರಲ್ಲಿ ಮತ್ತೊಂದು ಪ್ರಯೋಜನವೂ ಉಂಟು: ಒಳಗಿರಿಸುವ ಮಸೂರದ ಶಕ್ತಿಯನ್ನು ಲೆಕ್ಕಹಾಕಲು ಕಾರ್ನಿಯಾದ ಬಾಗನ್ನು ಅಳೆಯುವರು, ಕಣ್ಣಿನ ಮೈ ಒಣಗಿ ಒರಟಾಗಿದ್ದರೆ ಆ ಅಳತೆಯೇ ತಪ್ಪಬಹುದು. ಒಣಕಣ್ಣಿಗೆ ಮೊದಲು ಮದ್ದು ಮಾಡಿ, ಬಳಿಕ ಅಳತೆಮಾಡಿ, ಆಮೇಲೆ ಶಸ್ತ್ರವನ್ನು ಹಿಡಿಯುವ ವೈದ್ಯರು ತಡಮಾಡುತ್ತಿರುವರೆಂದು ಬೇಸರಿಸಬಾರದು.

ನಮ್ಮ ನೆರೆಯ ಮನೆಯೊಂದರಲ್ಲಿ ನಡೆದ ಸಂಗತಿಯನ್ನು ಇಲ್ಲಿ ಹೇಳುವುದು ಅವಶ್ಯಕವೆಂದು ತೋರುತ್ತದೆ. ಅಲ್ಲಿಯ ಯಜಮಾನರಿಗೆ ಪೊರೆ ತೆಗೆದು ಎರಡು ತಿಂಗಳಾಗಿತ್ತು. ಆಸ್ಪತ್ರೆಯಲ್ಲಿ ಕೊಟ್ಟ ಒಂದು ಔಷಧವನ್ನು ಐದಾರು ವಾರಗಳಲ್ಲಿ ಕ್ರಮವಾಗಿ ಕಡಿಮೆ ಮಾಡಿ ನಿಲ್ಲಿಸಬೇಕೆಂದು ಚೀಟಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಅದನ್ನು ಹಾಕಿದಾಗ ಕೆಂಪೂ ಉರಿಯೂ ಬೇಗನೆ ಇಳಿಯುತ್ತಿದ್ದುದರಿಂದ, ಮರಳಿನ ಬಾಧೆ ತೋರಿದಾಗಲೆಲ್ಲ ಮನೆಯವರು ಅಂಗಡಿಯಿಂದ ಅದೇ ಸೀಸೆಯನ್ನು ತಂದು ತಂದು ಹಾಕುತ್ತಿದ್ದರು. ಅದು ಸ್ಟಿರಾಯ್ಡ್ ಜಾತಿಯ ಔಷಧ. ಗಾಯದ ಉರಿಯೂತಕ್ಕೆ ಅದು ಬೇಕು; ಆದರೆ ಬಹುಕಾಲ ಹಾಕಿದರೆ ಕೆಲವರಲ್ಲಿ ಕಣ್ಣಿನ ಒತ್ತಡವನ್ನು ಏರಿಸಿ, ನೋವೂ ಇಲ್ಲದೆ ಸುಳಿವೂ ಇಲ್ಲದೆ ದೃಷ್ಟಿನರವನ್ನು ಕೆಡಿಸುವುದು. ಅಲ್ಲದೆ ಅದು ರೋಗನಿರೋಧಶಕ್ತಿಯನ್ನೂ ಕುಂದಿಸುವುದು. ಮಗಳೊಬ್ಬಳು ಪರಸ್ಥಳದಿಂದ ಬಂದವಳು ಸೀಸೆಯನ್ನೂ ಚೀಟಿಯನ್ನೂ ಹೋಲಿಸಿ ನೋಡಿ, ತಂದೆಯನ್ನು ಆ ದಿನವೇ ವೈದ್ಯರಲ್ಲಿಗೆ ಕರೆದುಕೊಂಡುಹೋದಳು. ಒತ್ತಡವು ಏರಿತ್ತು, ಔಷಧವನ್ನು ನಿಲ್ಲಿಸಿ ಚಿಕಿತ್ಸೆ ಮಾಡಿದ ಮೇಲೆ ಇಳಿಯಿತು. ಅವರಿಗೆ ಬೇಕಾಗಿದ್ದುದು ಕೃತಕ ಕಂಬನಿ ಮಾತ್ರ. ಚೀಟಿಯನ್ನು ಓದಿದ ಮಗಳ ಕಣ್ಣು ತಂದೆಯ ಕಣ್ಣನ್ನು ಉಳಿಸಿತು.

ಮನೆಮದ್ದಿನ ವಿಷಯವಾಗಿಯೂ ಒಂದು ಮಾತು. ಹರಳೆಣ್ಣೆ, ಜೇನುತುಪ್ಪ, ಪನ್ನೀರು, ನಂದಿಬಟ್ಟಲು ಹೂವಿನ ರಸ, ಎದೆಹಾಲು, ಇವುಗಳನ್ನು ಕಣ್ಣಿಗೆ ಬಿಡುವ ವಾಡಿಕೆ ನಮ್ಮಲ್ಲಿ ಅನೇಕರಿಗೆ ಉಂಟು. ಎದೆಹಾಲಿಗೆ ಶಾಸ್ತ್ರಾಧಾರವಿದೆಯೆಂದು ವಾದಿಸುವವರನ್ನೂ ನಾವು ಕಂಡಿರುವೆವು. ಸುಶ್ರುತರು ಶಲಾಕೆಯಿಂದ ಚುಚ್ಚಿದೊಡನೆ ಸ್ತನ್ಯದಿಂದ ಕಣ್ಣನ್ನು ನೆನೆಸಬೇಕೆಂದು ಹೇಳಿರುವುದು ದಿಟ. ರೋಗಾಣುಗಳ ವಿಚಾರವೇ ಲೋಕಕ್ಕೆ ತಿಳಿಯದಿದ್ದ ಕಾಲದಲ್ಲಿ, ಶುದ್ಧವೂ ಮೃದುವೂ ಆದ ದ್ರವವೆಂದು ಅವರು ಅದನ್ನು ಆರಿಸಿದರು. ಅದೇ ಸುಶ್ರುತರು, ರೋಗಿಯು ತೇಗುವುದು, ಕೆಮ್ಮುವುದು, ಸೀನುವುದು, ಉಗುಳುವುದು ಇವುಗಳನ್ನು ಆಗ ಬಿಡಬೇಕೆಂದೂ, ಅಂಗಾತವಾಗಿ ಮಲಗಿರಬೇಕೆಂದೂ, ಮೂರು ಮೂರು ದಿನಗಳಿಗೊಮ್ಮೆ ಕಷಾಯಗಳಿಂದ ಕಣ್ಣನ್ನು ತೊಳೆಯಬೇಕೆಂದೂ ಹತ್ತು ದಿನಗಳ ನಿಯಮವನ್ನು ವಿಧಿಸಿರುವರು. ಶಸ್ತ್ರಕ್ಕಿಂತ ಶುಶ್ರೂಷೆಯು ಕಡಿಮೆಯಾದುದಲ್ಲವೆಂಬ ಆ ತತ್ತ್ವವನ್ನು ಕೈಬಿಟ್ಟು, ಹಾಲನ್ನು ಮಾತ್ರ ಹಿಡಿದುಕೊಳ್ಳುವುದು ಶಾಸ್ತ್ರಗೌರವವಾಗಲಾರದು. ಹಾಲೂ ಜೇನೂ ಹೂವಿನ ರಸವೂ ರೋಗಾಣುಗಳಿಂದ ಮುಕ್ತವಾದುವಲ್ಲ. ಕಾವಲು ಬಳಲಿರುವ ಕಣ್ಣಿಗೆ, ಇನ್ನೂ ಮಾಗದ ಗಾಯದ ಮೇಲೆ, ಅವುಗಳನ್ನು ಬಿಡಬಾರದು.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಔಷಧ ಹಾಕುವವರು ಪ್ರತಿಸಲವೂ ಸಾಬೂನಿನಿಂದ ಕೈತೊಳೆಯಬೇಕು. ಸೀಸೆಯ ಮೂತಿಯು ರೆಪ್ಪೆಗಾಗಲಿ ಬೆರಳಿಗಾಗಲಿ ತಗಲಬಾರದು. ಕೆಳರೆಪ್ಪೆಯನ್ನು ಮೆಲ್ಲನೆ ಎಳೆದು ಒಂದೇ ತೊಟ್ಟು ಬಿಟ್ಟರೆ ಸಾಕು. ಕಣ್ಣಿನಲ್ಲಿ ಎಷ್ಟು ನೀರು ನಿಲ್ಲಬಲ್ಲುದೆಂಬುದನ್ನು ಮೇಲೆ ಹೇಳಿದೆವು, ಎರಡನೆಯ ತೊಟ್ಟು ಕೆನ್ನೆಗೇ ಹೋಗುವುದು. ಎರಡು ಬಗೆಯ ಔಷಧಗಳಿದ್ದರೆ ನಡುವೆ ಐದು ನಿಮಿಷವಾದರೂ ಬಿಡಬೇಕು, ಇಲ್ಲವಾದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುವುದು. ಮರಳಿನ ಬಾಧೆಗೆ ಕೃತಕ ಕಂಬನಿಯ ಔಷಧಗಳು ಸಿಕ್ಕುವುವು. ದಿನಕ್ಕೆ ಅನೇಕ ಸಲ ಹಾಕಬೇಕಾಗಿದ್ದರೆ ರಕ್ಷಕ ದ್ರವ್ಯ ಬೆರೆಸದವುಗಳನ್ನು ಬರೆದುಕೊಡುವಂತೆ ವೈದ್ಯರನ್ನು ಕೇಳುವುದರಲ್ಲಿ ಸಂಕೋಚವೇನೂ ಬೇಡ. ಸೋಂಕಿನ ಔಷಧವನ್ನು ಉರಿಯಾಗುವುದೆಂದು ತಾವಾಗಿಯೇ ನಿಲ್ಲಿಸಲೂ ಬಾರದು, ತಾವಾಗಿಯೇ ಮುಂದುವರಿಸಲೂ ಬಾರದು.

ಎರಡನೆಯದಾಗಿ, ಕಣ್ಣನ್ನು ಉಜ್ಜಬಾರದು. ರಾತ್ರಿಯಲ್ಲಿ ಅರಿಯದೆ ಉಜ್ಜುವವರಿಗೆ ಆಸ್ಪತ್ರೆಯಲ್ಲಿ ಕೊಟ್ಟ ಮುಚ್ಚಳವನ್ನು ಕಟ್ಟಿಯೇ ಮಲಗಿಸಬೇಕು. ಎಣ್ಣೆಸ್ನಾನವನ್ನೂ ತಲೆಗೆ ನೀರು ಹಾಕಿಕೊಳ್ಳುವುದನ್ನೂ ವೈದ್ಯರು ಹೇಳಿದ ಅವಧಿಯವರೆಗೆ ಬಿಡಬೇಕು. ಯುಗಾದಿಯೋ ದೀಪಾವಳಿಯೋ ಬಂದಿತೆಂದು, ಶಸ್ತ್ರಕ್ರಿಯೆಯಾದ ಕಣ್ಣಿಗೆ ಎಣ್ಣೆಯೂ ಸೀಗೇಪುಡಿಯೂ ಹೋಗುವಂತೆ ಅಭ್ಯಂಜನ ಮಾಡಿಸುವ ಪ್ರೀತಿಯು ಬೇಡ. ಆ ವರ್ಷ ಹಬ್ಬಕ್ಕೆ ಕುತ್ತಿಗೆಯಿಂದ ಕೆಳಗೆ ಸ್ನಾನವಾದರೆ ದೇವರು ಮುನಿಯಲಾರನು. ಕಾಡಿಗೆಯನ್ನು ಹಚ್ಚಬಾರದು. ಒಗ್ಗರಣೆಯ ಘಾಟು, ಒಲೆಯ ಹೊಗೆ, ಊದುಬತ್ತಿಯ ಹೊಗೆ, ಮುಖಕ್ಕೇ ಬೀಸುವ ಫ್ಯಾನಿನ ಗಾಳಿ, ಬಸ್ಸಿನ ಕಿಟಕಿಯ ಧೂಳು, ಇವುಗಳಿಂದ ದೂರವಿರಬೇಕು. ಹೊಸ ದೃಷ್ಟಿ ಬಂದ ಉತ್ಸಾಹದಲ್ಲಿ ಗಂಟೆಗಟ್ಟಲೆ ಓದುವವರೂ ಟೆಲಿವಿಷನ್ನನ್ನೋ ಮೊಬೈಲ್ ಫೋನನ್ನೋ ದಿಟ್ಟಿಸುವವರೂ ಉಂಟು. ದೃಷ್ಟಿ ನೆಟ್ಟಷ್ಟೂ ರೆಪ್ಪೆ ಬಡಿಯುವುದು ಕಡಿಮೆಯಾಗುವುದರಿಂದ, ನಡುನಡುವೆ ಕಣ್ಣು ಮುಚ್ಚಿ ವಿಶ್ರಮಿಸಬೇಕು.

ಮೂರನೆಯದೇ ಎಲ್ಲಕ್ಕಿಂತ ಮುಖ್ಯವಾದುದು: ಸಾಮಾನ್ಯವಾದ ಬಾಧೆಗೂ ಅಪಾಯಕ್ಕೂ ಇರುವ ಭೇದ. ಮರಳಿನಂತಹ ಕಿರಿಕಿರಿ, ಸಂಜೆಯ ಹೊತ್ತಿಗೆ ಹೆಚ್ಚುವ ಆಯಾಸ, ರೆಪ್ಪೆ ಬಡಿದೊಡನೆ ತಿಳಿಯಾಗುವ ಮಂಜು, ಆಗಾಗ ಸುರಿಯುವ ನೀರು, ಇವು ಕಂಬನಿಯ ಬಳಲಿಕೆಯ ಗುರುತುಗಳು. ಮುಂದಿನ ಭೇಟಿಯಲ್ಲಿ ವೈದ್ಯರಿಗೆ ಹೇಳಿದರೆ ಸಾಕು. ಆದರೆ ಒಂದೇ ಸಮನಾಗಿ ಏರುವ ನೋವು, ಹೆಚ್ಚುತ್ತಿರುವ ಕೆಂಪು, ರೆಪ್ಪೆಯ ಊತ, ಕೀವು, ಬೆಳಕನ್ನು ನೋಡಲಾಗದಿರುವುದು, ನಿನ್ನೆ ಕಂಡದ್ದು ಇಂದು ಮಸುಕಾಗುವುದು, ಇವುಗಳಲ್ಲಿ ಯಾವುದೊಂದು ತೋರಿದರೂ, ಅದರಲ್ಲಿಯೂ ಮೊದಲ ಎರಡು ವಾರಗಳಲ್ಲಿ, ಆ ಗಳಿಗೆಯೇ ಶಸ್ತ್ರಕ್ರಿಯೆ ಮಾಡಿದ ಆಸ್ಪತ್ರೆಗೆ ಹೋಗತಕ್ಕದ್ದು. ನೋವಿಲ್ಲದೆ ದೃಷ್ಟಿ ಮಾತ್ರ ಮಬ್ಬಾದರೂ ಹೋಗತಕ್ಕದ್ದು. ಒಳಸೋಂಕಿನಲ್ಲಿ ಕೆಲವು ಗಂಟೆಗಳ ಅಂತರವೇ ಕಣ್ಣು ಉಳಿಯುವುದಕ್ಕೂ ಹೋಗುವುದಕ್ಕೂ ಕಾರಣವಾಗಬಹುದು. ಭಾನುವಾರವೆಂದೂ, ಅಮಾವಾಸ್ಯೆಯೆಂದೂ, ಮಗನು ಕೆಲಸದಿಂದ ಬರಲಿ ಎಂದೂ ಕಾಯುವ ರೋಗವಿದಲ್ಲ.

ನಮ್ಮ ಮನೆಗಳ ಹಿರಿಯರು, ಅವರಲ್ಲಿಯೂ ಹೆಂಗಸರು, ತಮ್ಮಿಂದ ಮಕ್ಕಳಿಗೆ ಖರ್ಚೂ ತೊಂದರೆಯೂ ಏತಕ್ಕೆಂದು ನೋವನ್ನು ನುಂಗಿಕೊಳ್ಳುವವರು. ಎರಡು ಸಲ ಹೇಳಿದುದನ್ನು ಯಾರೂ ಲಕ್ಷಿಸದಿದ್ದರೆ ಮೂರನೆಯ ಸಲ ಅವರು ಹೇಳಲಾರರು. ಆ ಮೂರನೆಯ ಸಲದ ಮಾತೇ ಅಪಾಯದ ಸೂಚನೆಯಾಗಿರಲೂಬಹುದು. ಆದುದರಿಂದ ಶಸ್ತ್ರಕ್ರಿಯೆಯಾದ ಮೊದಲ ತಿಂಗಳು, ಮನೆಯಲ್ಲಿ ಯಾರಾದರೊಬ್ಬರು ಪ್ರತಿದಿನವೂ ಬೆಳಗ್ಗೆ ಹಿರಿಯರನ್ನು ಬೆಳಕಿನಲ್ಲಿ ಕುಳ್ಳಿರಿಸಿ, ಆ ಕಣ್ಣನ್ನು ಒಮ್ಮೆ ನೋಡಲಿ. ಇನ್ನೊಂದು ಕಣ್ಣನ್ನು ಮುಚ್ಚಿಸಿ ಗೋಡೆಯ ಪಂಚಾಂಗದ ಅದೇ ಸಾಲನ್ನು ಓದಿಸಲಿ. ಅಕ್ಷರ ಬಾರದವರಾದರೆ ಬೆರಳುಗಳನ್ನು ಎಣಿಸಲು ಹೇಳಲಿ. ಇದಕ್ಕೆ ಎರಡು ನಿಮಿಷ ಸಾಕು. ಮೊಮ್ಮಕ್ಕಳಿಗೆ ಈ ಕೆಲಸವನ್ನು ಒಪ್ಪಿಸಿದರೆ ಅವರು ಆಟದಂತೆ ಮಾಡುವರು. ಕಂಬನಿಯು ತನ್ನ ಕಾವಲಿಗೆ ಪೂರ್ಣವಾಗಿ ಹಿಂತಿರುಗುವವರೆಗೂ ಆ ಎರಡು ನಿಮಿಷದ ಪಹರೆಯು ಮನೆಯವರದಾಗಲಿ.